ಕಿವಿ ಮೊದಲು, ಕ್ಯಾಮೆರಾ ಆಮೇಲೆ

ಕಾಲೇಜಿನ ಸಭಾಂಗಣದಲ್ಲಿ ವಿಶೇಷ ಉಪನ್ಯಾಸ ಇದೆಯೆಂದರೆ ಈಗ ಕ್ಯಾಮೆರಾ ಇಲ್ಲದೆ ನಡೆಯುವುದು ಅಪರೂಪ. ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿಗಳೋ ಫೋಟೊಗ್ರಫಿ ಕ್ಲಬ್ಬಿನವರೋ ಮೂರು ಟ್ರೈಪಾಡ್ ನಿಲ್ಲಿಸಿ, ವೈರು ಎಳೆದು, ಲ್ಯಾಪ್‌ಟಾಪ್ ಮುಂದೆ ಕೂತು ನೇರಪ್ರಸಾರವನ್ನೇ ಮಾಡಿಬಿಡುತ್ತಾರೆ. ಒಂದು ಕಾಲಕ್ಕೆ ಟಿವಿ ಚಾನೆಲ್ಲಿನ ದೊಡ್ಡ ವ್ಯಾನು ಬರಬೇಕಿದ್ದ ಕೆಲಸ ಇವತ್ತು ಒಂದು ಮೇಜಿನ ಮೇಲೆ ಮುಗಿಯುತ್ತದೆ. ಆದರೆ ಹೀಗೆ ತಯಾರಾದ ವಿಡಿಯೊಗಳನ್ನು ತಿಂಗಳು ಕಳೆದು ತೆರೆದರೆ ಅದೇ ದೋಷಗಳು ಮತ್ತೆ ಮತ್ತೆ ಎದುರಾಗುತ್ತವೆ. ದೃಶ್ಯ ಐದೈದು ಸೆಕೆಂಡಿಗೆ ಬದಲಾಗುತ್ತಿರುತ್ತದೆ, ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುತ್ತದೆ, ಬೋರ್ಡಿನ ಮೇಲೆ ಬರೆದದ್ದನ್ನು ಓದಲು ಆಗುವುದಿಲ್ಲ. ತಂಡ ಶ್ರಮಪಟ್ಟಿದೆ, ಆದರೆ ಶ್ರಮದ ಕ್ರಮ ತಲೆಕೆಳಗಾಗಿದೆ. ಉಪನ್ಯಾಸ ಎನ್ನುವುದು ಮೂಲತಃ ಕೇಳುವ ಸಂಗತಿ. ಹಾಗಾಗಿ ತಂಡದ ಹಣ, ಜನ, ಸಮಯ ಎಲ್ಲವೂ ಮೊದಲು ಧ್ವನಿಗೆ, ನಂತರ ಬೋರ್ಡಿಗೆ, ಕೊನೆಯಲ್ಲಿ ಉಪನ್ಯಾಸಕರ ಮುಖಕ್ಕೆ ಸಲ್ಲಬೇಕು. ಯಾವಾಗ ಯಾವ ಕ್ಯಾಮೆರಾಕ್ಕೆ ಹೋಗಬೇಕೆಂದು ತೀರ್ಮಾನಿಸುವವರು ಪಾಠವನ್ನು ಕೇಳುತ್ತ, ಅರ್ಥ ಮಾಡಿಕೊಳ್ಳುತ್ತ ಕೂತವರೇ ಆಗಿರಬೇಕು. ಈ ಲೇಖನದ ಎಲ್ಲ ಸಲಹೆಗಳೂ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಇದಕ್ಕೆ ಒಳ್ಳೆಯ ಸಾಕ್ಷಿ ಹಳೆಯದು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1961ರಿಂದ 1963ರವರೆಗೆ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮಾಡಿದ ಪಾಠಗಳನ್ನು ಸಂಸ್ಥೆಯವರು ಟೇಪಿನಲ್ಲಿ ಧ್ವನಿಮುದ್ರಿಸಿಕೊಂಡರು, ಕಪ್ಪುಹಲಗೆಯ ಫೋಟೊಗಳನ್ನು ತೆಗೆದಿಟ್ಟುಕೊಂಡರು. ಆ ಧ್ವನಿಯನ್ನೂ ಆ ಹಲಗೆಯ ಚಿತ್ರಗಳನ್ನೂ ಆಧರಿಸಿಯೇ ಮೂರು ಸಂಪುಟಗಳ ಪ್ರಸಿದ್ಧ ಪಠ್ಯ ಸಿದ್ಧವಾಯಿತು. ಮುಖದ ಚಲಿಸುವ ಚಿತ್ರವಿಲ್ಲದೆಯೂ ಪಾಠ ಉಳಿಯಿತು. ಅದೇ ಫೈನ್‌ಮನ್ 1964ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣಗಳನ್ನು ಬಿಬಿಸಿ ಚಿತ್ರೀಕರಿಸಿತು. ಅವು 2009ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಕ್ಕವು. ಅಲ್ಲಿ ಅವರ ಕೈ ಬೀಸುವ ರೀತಿ, ಒಂದು ಪ್ರಶ್ನೆ ಎಸೆದು ನಿಲ್ಲುವ ಭಂಗಿ ಇವೆಲ್ಲ ಸೇರಿ ಪಾಠಕ್ಕೆ ಇನ್ನೊಂದು ಆಯಾಮ ಬಂದಿದೆ. ಅಂದರೆ ಮುಖಕ್ಕೆ ಬೆಲೆಯಿಲ್ಲವೆಂದಲ್ಲ. ಮಾತು ಮತ್ತು ಹಲಗೆ ಭದ್ರವಾದ ಮೇಲೆ ಮುಖ ಬರುತ್ತದೆ, ಅಷ್ಟೆ. ನಮ್ಮಲ್ಲೂ ಈ ಕೆಲಸ ಹೊಸದಲ್ಲ. ಯುಜಿಸಿ 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ದೇಶವ್ಯಾಪಿ ತರಗತಿಯನ್ನು ಶುರುಮಾಡಿತು. 2003ರಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಪಾಠಗಳ ಯೋಜನೆ ಆರಂಭಿಸಿದವು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪ್ರಾಯೋಗಿಕ ಯೋಜನೆಯಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲುಗೊಂಡು ತನ್ನ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಕಳಿಸಿತು. ಇಂಥ ಪಾಠಗಳನ್ನು ಜನ ವರ್ಷಗಟ್ಟಲೆ ನೋಡುವುದು ಕ್ಯಾಮೆರಾಗಳ ಸಂಖ್ಯೆ ಎಣಿಸಿ ಅಲ್ಲ. ಹೇಳಿದ್ದು ಕೇಳಿಸುತ್ತದೆ, ಬರೆದದ್ದು ಕಾಣಿಸುತ್ತದೆ, ಅದಕ್ಕೆ.

ಧ್ವನಿಯಿಂದಲೇ ಆರಂಭಿಸೋಣ. ಬಯಲಿನಲ್ಲಿ ಮೈಕ್ ಮತ್ತು ಬಾಯಿಯ ನಡುವಿನ ದೂರ ಇಮ್ಮಡಿಯಾದರೆ ನೇರವಾಗಿ ಬರುವ ಮಾತು 6 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಆದರೆ ಸೀಲಿಂಗ್ ಫ್ಯಾನಿನ ಸದ್ದು, ಗೋಡೆಗೆ ಬಡಿದು ಮರಳುವ ಪ್ರತಿಧ್ವನಿ ಇವು ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಹಿಂದಿನ ಸಾಲಿನ ಕ್ಯಾಮೆರಾದ ಮೈಕ್‌ನಲ್ಲಿ ಮಾತು ಬಾವಿಯೊಳಗಿನದಂತೆ ಕೇಳುವುದಕ್ಕೆ ಇದೇ ಕಾರಣ. ಸಾವಿರಾರು ರೂಪಾಯಿಯ ಲೆನ್ಸ್ ಹಾಕಿದರೂ ಇದು ಸರಿಹೋಗದು. ಮೈಕನ್ನು ಬಾಯಿಯ ಹತ್ತಿರ ಒಯ್ಯುವುದೊಂದೇ ದಾರಿ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಇರಲಿ. ಒಂದೇ ಬದಿಗೆ ಸಿಕ್ಕಿಸಿದರೆ ಉಪನ್ಯಾಸಕರು ಬೋರ್ಡಿನತ್ತ ತಿರುಗಿದಾಗ ದನಿ ಏರುಪೇರಾಗುತ್ತದೆ. ರೇಷ್ಮೆ ಸೀರೆಯ ಸೆರಗು, ಕೊರಳ ಸರ, ಗುರುತಿನ ಚೀಟಿಯ ದಾರ ಮೈಕಿಗೆ ತಾಗದಂತೆ ನೋಡಿಕೊಳ್ಳಬೇಕು. ನಮ್ಮ ಸಭೆಗಳಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ವಿದೇಶಿ ಕೈಪಿಡಿಗಳು ಹೇಳುವುದಿಲ್ಲ. ಭಾಷಣಕ್ಕೆ ಮೊದಲೇ ಸನ್ಮಾನ ಇಟ್ಟುಕೊಂಡಿದ್ದರೆ ಶಾಲು ಬಂದು ಕಾಲರ್ ಮೈಕಿನ ಮೇಲೆಯೇ ಕೂರುತ್ತದೆ, ಅದರ ಮೇಲೆ ಹಾರ ಬೀಳುತ್ತದೆ. ಅತಿಥಿಗಳು ಗೌರವದಿಂದ ಶಾಲು ಹೊದ್ದೇ ಮಾತಾಡತೊಡಗಿದರೆ ಒಂದು ಗಂಟೆಯ ಪಾಠ ಬಟ್ಟೆಯ ಸರಸರದಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಸನ್ಮಾನ ಮುಗಿದ ಮೇಲೆಯೇ ಮೈಕ್ ತೊಡಿಸಬೇಕು, ಇಲ್ಲವೇ ಸನ್ಮಾನವನ್ನೇ ಭಾಷಣದ ನಂತರಕ್ಕೆ ಹಾಕಿಸಬೇಕು. ಕಾರ್ಯಕ್ರಮದ ಸಂಚಾಲಕರ ಜೊತೆ ಹಿಂದಿನ ದಿನವೇ ಕೂತು ಈ ಒಂದು ಬದಲಾವಣೆ ಕೇಳಿಕೊಂಡರೆ ಅವರು ಸಾಮಾನ್ಯವಾಗಿ ಒಪ್ಪುತ್ತಾರೆ.

ಸಭಾಂಗಣದ ಮೈಕ್‌ಸೆಟ್‌ನವರ ಮಿಕ್ಸರಿನಿಂದ ಒಂದು ವೈರು ತೆಗೆದುಕೊಂಡರೆ ಸಾಕೆಂದು ಬಹಳ ತಂಡಗಳು ನಂಬುತ್ತವೆ. ಅದೂ ಬೇಕು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಮೈಕ್‌ಸೆಟ್‌ನವರು ಹೊಂದಿಸುವುದು ಹಾಲಿನಲ್ಲಿ ಕೂತವರ ಕಿವಿಗೆ. ಕೀರಲು ಸದ್ದು ಬಂದರೆ ಗುಂಡಿ ತಿರುಗಿಸಿ ತಗ್ಗಿಸುತ್ತಾರೆ, ಆಗ ನಿಮ್ಮ ಮುದ್ರಣವೂ ತಗ್ಗುತ್ತದೆ. ಮಿಕ್ಸರಿನ ಲೈನ್ ಔಟ್‌ನಿಂದ ಬರುವ ಸಂಕೇತ ಕ್ಯಾಮೆರಾದ ಮೈಕ್ ಇನ್‌ಪುಟ್‌ಗೆ ವಿಪರೀತ ಜೋರು. ಕ್ಯಾಮೆರಾದಲ್ಲಿ ಲೈನ್ ಆಯ್ಕೆ ಇಲ್ಲದಿದ್ದರೆ ನಡುವೆ ತಗ್ಗಿಸುವ ಅಡಾಪ್ಟರ್ ಹಾಕದೆ ಜೋಡಿಸಿದರೆ ಮಾತು ಒಡೆದು ಬರುತ್ತದೆ, ಅದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಜೋಡಿಸದು. ಮಿಕ್ಸರು ಒಂದು ಪ್ಲಗ್ಗಿನಲ್ಲಿ, ನಿಮ್ಮ ಲ್ಯಾಪ್‌ಟಾಪು ದೂರದ ಇನ್ನೊಂದರಲ್ಲಿ ಇದ್ದರೆ ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ತಂದರೆ ಅದು ಬಹುಪಾಲು ಅಡಗುತ್ತದೆ. ಹಾಗಾಗಿ ಮಿಕ್ಸರಿನದೊಂದು, ನಿಮ್ಮದೇ ಕಾಲರ್ ಮೈಕಿನದೊಂದು, ಹೀಗೆ ಎರಡು ದಾರಿಯಲ್ಲಿ ಧ್ವನಿ ಬರಲಿ. ಅತಿ ಜೋರಿನ ಮಾತು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ಲಿನ ಆಸುಪಾಸು ನಿಲ್ಲುವಂತೆ ಇಟ್ಟುಕೊಂಡರೆ ಉಪನ್ಯಾಸಕರು ಉತ್ಸಾಹದಿಂದ ದನಿ ಏರಿಸಿದಾಗಲೂ ಜಾಗ ಉಳಿಯುತ್ತದೆ. ತಂಡದಲ್ಲಿ ಒಬ್ಬರು ಇಡೀ ಹೊತ್ತು ಹೆಡ್‌ಫೋನ್ ಹಾಕಿಕೊಂಡು ಇದನ್ನೇ ಕೇಳುತ್ತ ಕೂರಬೇಕು. ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು. ಮೀಟರಿನ ಮುಳ್ಳು ಕುಣಿಯುತ್ತಿದ್ದರೂ ಬರುತ್ತಿರುವುದು ಬರೀ ಗುಂಯ್ಗುಡುವಿಕೆಯೇ ಆಗಿರಬಹುದು, ಅದು ಕಿವಿಗೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಒಂದು ಚೌಕಟ್ಟಿನ ಅವಧಿ 40 ಮಿಲಿಸೆಕೆಂಡು. ಅಷ್ಟರಲ್ಲಿ ಧ್ವನಿ ಹೆಚ್ಚುಕಡಿಮೆ 14 ಮೀಟರ್ ದಾಟುತ್ತದೆ. ದೊಡ್ಡ ಹಾಲಿನ ಹಿಂಬದಿಯಲ್ಲಿರುವ ಕ್ಯಾಮೆರಾದ ಮೈಕಿಗೆ ಮಾತು ಎರಡು ಚೌಕಟ್ಟು ತಡವಾಗಿ ತಲುಪುವುದು ಹೀಗೆ. ಅಂತಿಮ ವಿಡಿಯೊದ ಧ್ವನಿಗೆ ಒಂದೇ ಮೂಲವನ್ನು ಆರಿಸಿಕೊಂಡು, ಆರಂಭದಲ್ಲಿ ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಒಮ್ಮೆ ಚಪ್ಪಾಳೆ ಹೊಡೆದರೆ ಆಮೇಲೆ ತುಟಿ ಮತ್ತು ಮಾತನ್ನು ಹೊಂದಿಸುವುದು ಸುಲಭ.

ಈಗ ಬೋರ್ಡು. ಇದನ್ನು ಒಂದು ಲೆಕ್ಕದಿಂದ ನೋಡಬೇಕು. ಹಾಲಿನ ಬೋರ್ಡು 16 ಅಡಿ ಅಗಲ ಇದೆಯೆಂದು ಇಟ್ಟುಕೊಳ್ಳಿ. ಅದಷ್ಟೂ ಕ್ಯಾಮೆರಾದ ಚೌಕಟ್ಟಿನೊಳಗೆ ಬರಬೇಕೆಂದರೆ, ಚೌಕಟ್ಟಿನ ಅನುಪಾತ 16ಕ್ಕೆ 9 ಆದ್ದರಿಂದ, ಎತ್ತರದಲ್ಲಿ 9 ಅಡಿ ಅಂದರೆ 108 ಇಂಚು ಸೆರೆಯಾಗುತ್ತದೆ. ಉಪನ್ಯಾಸಕರು 2 ಇಂಚಿನ ಅಕ್ಷರ ಬರೆದರೆ ಅದು ಚಿತ್ರದ ಎತ್ತರದಲ್ಲಿ 54ರಲ್ಲಿ ಒಂದು ಪಾಲು. 1080 ಗೆರೆಗಳ ವಿಡಿಯೊದಲ್ಲಿ ಅದಕ್ಕೆ ಸಿಗುವುದು 20 ಗೆರೆ. ಅಡ್ಡ ಹಿಡಿದ ಮೊಬೈಲಿನಲ್ಲಿ ಚಿತ್ರದ ಎತ್ತರ ಆರೂವರೆ ಸೆಂಟಿಮೀಟರ್ ಇದ್ದರೆ ಆ ಅಕ್ಷರ ಕಾಣುವುದು 1.2 ಮಿಲಿಮೀಟರ್ ಎತ್ತರದಲ್ಲಿ. ಔಷಧದ ಸ್ಟ್ರಿಪ್ಪಿನ ಹಿಂಬದಿಯ ಅಚ್ಚನ್ನು ನೆನಪಿಗೆ ತಂದುಕೊಳ್ಳಿ, ಹೆಚ್ಚುಕಡಿಮೆ ಅಷ್ಟು. ಕನ್ನಡದಲ್ಲಿ ಬರೆದರೆ ಪಾಡು ಇನ್ನೂ ಬಿಗಿ, ಏಕೆಂದರೆ ಒತ್ತಕ್ಷರ ಮೂಲ ಅಕ್ಷರದ ಅರ್ಧದಷ್ಟಿರುತ್ತದೆ. ಸಂಕೋಚನದ ಭರದಲ್ಲಿ ಅಂತರ್ಜಾಲದ ವಿಡಿಯೊ ಮೊದಲು ಕಳೆದುಕೊಳ್ಳುವುದೂ ಇಂಥ ಸಣ್ಣ ಗೆರೆಗಳನ್ನೇ. ಗಣಿತದ ಸೂತ್ರದಲ್ಲಿ ಮೇಲೆ ಕೂತ ಘಾತಾಂಕಕ್ಕೂ ಇದೇ ಗತಿ. ಪರಿಹಾರವೂ ಇದೇ ಲೆಕ್ಕದಲ್ಲಿದೆ: ಬೋರ್ಡಿನ ಕ್ಯಾಮೆರಾ ಒಮ್ಮೆಗೆ ಅರ್ಧ ಬೋರ್ಡನ್ನು ಮಾತ್ರ ಹಿಡಿಯಲಿ. ಅಕ್ಷರ 2.4 ಮಿಲಿಮೀಟರಿಗೆ ಏರುತ್ತದೆ, ಮೊಬೈಲಿನಲ್ಲೂ ಓದಬಹುದು. ಉಪನ್ಯಾಸ ಶುರುವಾಗುವ ಮೊದಲು ಬೋರ್ಡಿನ ನಡುವೆ ಸೀಮೆಸುಣ್ಣದಿಂದ ತೆಳ್ಳಗೆ ಒಂದು ಗೆರೆ ಎಳೆದು, ಎಡಭಾಗ ತುಂಬಿದ ಮೇಲೆ ಬಲಕ್ಕೆ ಬರುವಂತೆ ಉಪನ್ಯಾಸಕರನ್ನು ವಿನಂತಿಸಿಕೊಂಡರೆ ಅವರಿಗೂ ಅನುಕೂಲ. ಅಳಿಸುವ ಮೊದಲು ಎರಡು ಕ್ಷಣ ತಡೆಯಲು ಹೇಳಿದರೆ ತುಂಬಿದ ಬೋರ್ಡಿನ ಒಂದು ಸ್ಥಿರ ಫೋಟೊ ತೆಗೆದಿಟ್ಟುಕೊಳ್ಳಬಹುದು, ಕ್ಯಾಲ್‌ಟೆಕ್‌ನವರು ಮಾಡಿದ್ದು ಇದನ್ನೇ.

ಬೋರ್ಡಿನ ಬದಲು ಪರದೆಯ ಮೇಲೆ ಸ್ಲೈಡ್ ತೋರಿಸುವುದಾದರೆ ಪರದೆಯನ್ನು ಕ್ಯಾಮೆರಾದಿಂದ ಹಿಡಿಯುವುದಕ್ಕಿಂತ ಉಪನ್ಯಾಸಕರ ಲ್ಯಾಪ್‌ಟಾಪಿನ ಎಚ್‌ಡಿಎಂಐ ಸಂಕೇತವನ್ನೇ ಒಂದು ಸ್ಪ್ಲಿಟರ್ ಮೂಲಕ ಪ್ರೊಜೆಕ್ಟರಿಗೂ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಕಟ್ ಮಾಡುವ ಸ್ವಿಚರಿಗೂ ಹಂಚುವುದು ಮೇಲು. ಮೂರು ಕ್ಯಾಮೆರಾ ಬಾಡಿಗೆಗೆ ತರುವಷ್ಟು ಹಣವಿಲ್ಲದ ತಂಡ ಎರಡು ಕ್ಯಾಮೆರಾ ಮತ್ತು ಈ ಒಂದು ಸ್ಪ್ಲಿಟರ್ ಇಟ್ಟುಕೊಂಡರೆ ಮೂರು ಕ್ಯಾಮೆರಾಗಳವರಿಗಿಂತ ಒಳ್ಳೆಯ ಫಲ ಪಡೆಯುತ್ತದೆ. ಹಾಲಿನ ಬೆಳಕಿನ ವಿಷಯದಲ್ಲಿ ನೆನಪಿಡಬೇಕಾದ್ದು ಒಂದೇ ಸಂಖ್ಯೆ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾ ಅಮೆರಿಕದ ಪದ್ಧತಿಯಂತೆ ಸೆಕೆಂಡಿಗೆ 30 ಚೌಕಟ್ಟು, 60ರಲ್ಲೊಂದು ಪಾಲು ಶಟರ್ ಎಂದು ಇದ್ದರೆ ಚಿತ್ರದಲ್ಲಿ ಪಟ್ಟೆಗಳು ಹರಿದಾಡುತ್ತವೆ. ಎಲ್ಲ ಕ್ಯಾಮೆರಾಗಳನ್ನೂ ಪಾಲ್ ಪದ್ಧತಿಗೆ, 25 ಚೌಕಟ್ಟಿಗೆ, 50ರಲ್ಲೊಂದು ಪಾಲು ಶಟರಿಗೆ ಇಟ್ಟರೆ ಮುಗಿಯಿತು. ಬೆಳಕು ಮತ್ತು ಬಣ್ಣ ಎರಡನ್ನೂ ಆಟೊದಿಂದ ತೆಗೆದು ಕೈಯಿಂದಲೇ ಹೊಂದಿಸಿ. ಆಟೊದಲ್ಲಿ ಬಿಟ್ಟರೆ ಬಿಳಿ ಸ್ಲೈಡು ಬಂದಾಗಲೆಲ್ಲ ಮುಖ ಕಪ್ಪಾಗುತ್ತದೆ, ಹಸಿರು ಬೋರ್ಡು ಬಂದಾಗ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ.

ಕ್ಯಾಮೆರಾಗಳ ಜಾಗ ಇದರಿಂದಲೇ ನಿಗದಿಯಾಗುತ್ತದೆ. ಒಂದನೆಯದು ಹಾಲಿನ ಹಿಂಬದಿಯ ನಡುವೆ, ಕೂತವರ ತಲೆಗಿಂತ ಎತ್ತರದಲ್ಲಿ, ವೇದಿಕೆ ಪೂರ್ತಿ ಕಾಣುವಂತೆ ನಿಲ್ಲಬೇಕು. ಯಾವುದೇ ಗೊಂದಲದಲ್ಲಿ ಸ್ವಿಚರಿನ ಮುಂದೆ ಕೂತ ನಿರ್ದೇಶಕರು ಓಡಿಬರುವ ಆಸರೆ ಇದು, ಹಾಗಾಗಿ ಇದನ್ನು ಅಲ್ಲಾಡಿಸಬಾರದು. ಎರಡನೆಯದು ಒಂದು ಬದಿಯಿಂದ ಉಪನ್ಯಾಸಕರ ಸೊಂಟದ ಮೇಲಿನ ಭಾಗವನ್ನು ಹಿಡಿಯುತ್ತದೆ, ಕೈಗಳೂ ಕಾಣುವಂತೆ. ಪಾಠ ಮಾಡುವವರ ಕೈಯೂ ಮಾತಾಡುತ್ತದೆ, ಬರೀ ಮುಖದ ಕ್ಲೋಸಪ್ಪಿನಲ್ಲಿ ಅದು ಕಳೆದುಹೋಗುತ್ತದೆ. ಮೂರನೆಯದು ಬೋರ್ಡಿಗೆ. ಪ್ರಶ್ನೋತ್ತರದ ಹೊತ್ತಿಗೆ ಇದನ್ನೇ ಸಭಿಕರತ್ತ ತಿರುಗಿಸಬಹುದು. ಉಪನ್ಯಾಸಕರಿಂದ ಸಭಿಕರ ನಡುವಿಗೆ ಒಂದು ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಂಡು ಎರಡನೆಯ ಮತ್ತು ಮೂರನೆಯ ಕ್ಯಾಮೆರಾಗಳು ಆ ಗೆರೆಯ ಒಂದೇ ಪಕ್ಕದಲ್ಲಿರುವಂತೆ ನೋಡಿಕೊಳ್ಳಬೇಕು. ಒಂದು ಈಚೆ ಒಂದು ಆಚೆ ಹೋದರೆ ಕಟ್ ಆದಾಗ ಉಪನ್ಯಾಸಕರು ಇದ್ದಕ್ಕಿದ್ದಂತೆ ಎದುರು ದಿಕ್ಕಿಗೆ ಮುಖ ಮಾಡಿದಂತೆ ಕಂಡು ನೋಡುಗರು ತಬ್ಬಿಬ್ಬಾಗುತ್ತಾರೆ. ಮರದ ವೇದಿಕೆಯ ಮೇಲೆ ಟ್ರೈಪಾಡ್ ಇಡಬಾರದು, ಪ್ರತಿ ಹೆಜ್ಜೆಗೂ ಚಿತ್ರ ನಡುಗುತ್ತದೆ.

ಎಲ್ಲಕ್ಕಿಂತ ಕಷ್ಟದ ಮತ್ತು ಎಲ್ಲಕ್ಕಿಂತ ಸೊಗಸಿನ ಕೆಲಸ ಸ್ವಿಚರಿನ ಮುಂದೆ ಕೂತವರದು. ತಂಡದಲ್ಲಿ ಉಪಕರಣ ಚೆನ್ನಾಗಿ ಗೊತ್ತಿರುವವರನ್ನು ಅಲ್ಲಿ ಕೂರಿಸುವುದು ವಾಡಿಕೆ. ಅದು ತಪ್ಪೆಂದು ನನಗನ್ನಿಸುತ್ತದೆ. ಗುಂಡಿ ಒತ್ತುವುದನ್ನು ಅರ್ಧ ದಿನದಲ್ಲಿ ಕಲಿಯಬಹುದು, ಆದರೆ ಉಷ್ಣಬಲವಿಜ್ಞಾನವನ್ನೋ ವಚನಗಳ ಲಯವನ್ನೋ ಅರ್ಧ ದಿನದಲ್ಲಿ ಕಲಿಯಲಾಗದು. ಉಪನ್ಯಾಸ ಯಾವ ವಿಷಯದ್ದೋ ಆ ವಿಭಾಗದ ಒಬ್ಬ ವಿದ್ಯಾರ್ಥಿನಿ ಅಲ್ಲಿ ಕೂತರೆ ಅಥವಾ ನಿರ್ದೇಶಕರ ಪಕ್ಕದಲ್ಲಿ ಕೂತು ಸೂಚನೆ ಕೊಟ್ಟರೆ ಫಲವೇ ಬೇರೆ. ಉಪನ್ಯಾಸಕರು ಒಂದು ಸಮೀಕರಣವನ್ನು ಬರೆಯುತ್ತಿದ್ದಾರೆ ಎಂದುಕೊಳ್ಳಿ. ವಿಷಯ ಗೊತ್ತಿಲ್ಲದವರು ಅವರು ಬೋರ್ಡಿನತ್ತ ತಿರುಗಿದ ಕೂಡಲೇ ಬೋರ್ಡಿಗೆ ಕಟ್ ಮಾಡುತ್ತಾರೆ, ಆಗ ಕಾಣುವುದು ಬೆನ್ನು. ಬರೆದು ಮುಗಿಸಿ ಪಕ್ಕಕ್ಕೆ ಸರಿದಾಗ, ಅಂದರೆ ಬರಹ ಮೊದಲ ಸಲ ಕಾಣುವಾಗ, ಮತ್ತೆ ಮುಖಕ್ಕೆ ಬಂದುಬಿಡುತ್ತಾರೆ. ವಿಷಯ ತಿಳಿದವರು ಬರೆಯುವ ತನಕ ಮೊದಲ ಕ್ಯಾಮೆರಾದಲ್ಲೇ ತಡೆದು, ಅವರು ಸರಿದಾಗ ಬೋರ್ಡಿಗೆ ಹೋಗಿ, ಆ ಸಾಲನ್ನು ಮನಸ್ಸಿನಲ್ಲೇ ಒಮ್ಮೆ ಓದಿ ಮುಗಿಸುವ ತನಕ ಅಲ್ಲೇ ನಿಲ್ಲುತ್ತಾರೆ. ‘ಹಾಗಾದರೆ ಈ ಎರಡನೆಯ ಪದ ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಬರುವುದನ್ನು ಮುಂಚೆಯೇ ಊಹಿಸಿ ಅಷ್ಟರಲ್ಲಿ ಮುಖಕ್ಕೆ ಬಂದಿರುತ್ತಾರೆ. ಕನ್ನಡದಲ್ಲಿ ಪಾಠ ಮಾಡುವವರ ಮಾತಿನಲ್ಲಿ ಇಂಥ ಸುಳಿವುಗಳು ಧಾರಾಳ. ‘ಇಲ್ಲಿ ನೋಡಿ’ ಅಂದರೆ ಬೋರ್ಡು, ‘ಅಂದರೇನು?’ ಅಂದರೆ ಮುಖ, ‘ಒಂದು ಉದಾಹರಣೆ ತಗೊಳ್ಳೋಣ’ ಅಂದರೆ ಉಸಿರಾಡಲು ಒಂದು ಜಾಗ, ಬೇಕಿದ್ದರೆ ಸಭಿಕರತ್ತ ಒಂದು ನೋಟ. ಮಾತಿನ ನಡುವೆ ಕಟ್ ಮಾಡುವುದಕ್ಕಿಂತ ವಾಕ್ಯದ ಕೊನೆಯಲ್ಲಿ, ಕ್ರಿಯಾಪದ ಬಿದ್ದ ಮೇಲೆ ಮಾಡಿದರೆ ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಹತ್ತು ನಿಮಿಷ ಒಂದೇ ಕ್ಯಾಮೆರಾದಲ್ಲಿ ನಿಂತರೆ ಬೇಸರವಾಗುತ್ತದೆಂಬ ಭಯ ಬೇಡ. ಬೇಸರ ಬರುವುದು ಪಾಠದ ಎಳೆ ತಪ್ಪಿದಾಗ, ದೃಶ್ಯ ಬದಲಾಗದಿದ್ದಾಗ ಅಲ್ಲ.

ಈ ಸುಳಿವುಗಳನ್ನು ಕ್ಯಾಮೆರಾ ಹಿಡಿದವರಿಗೆ ತಲುಪಿಸಲು ಒಂದು ಸಣ್ಣ ಭಾಷೆ ಬೇಕು, ಅದು ಎಲ್ಲರಿಗೂ ಒಂದೇ ಇರಬೇಕು. ಮೊದಲು ಸಂಖ್ಯೆ, ಆಮೇಲೆ ಕೆಲಸ: ‘ಎರಡು, ಸ್ವಲ್ಪ ಟೈಟ್ ಮಾಡು’, ‘ಮೂರು ರೆಡಿ… ಮೂರು’. ಹೆಸರು ಹಿಡಿದು ಕರೆದರೆ ಸಭೆಯ ಗದ್ದಲದಲ್ಲಿ ಗೊಂದಲ. ತಾನೀಗ ಪ್ರಸಾರದಲ್ಲಿದ್ದೇನೆ ಎಂದು ತಿಳಿದವರು ಅಲ್ಲಾಡಬಾರದು, ಇಲ್ಲದವರು ಮುಂದಿನ ಚೌಕಟ್ಟನ್ನು ಸಿದ್ಧಮಾಡಿಕೊಳ್ಳಬೇಕು. ಈ ಒಂದು ಶಿಸ್ತು ಇಲ್ಲದೆಯೇ ಹೆಚ್ಚಿನ ತಂಡಗಳ ಚಿತ್ರ ಒದ್ದಾಡುತ್ತದೆ. ಇಂಟರ್‌ಕಾಮ್ ಇಲ್ಲದಿದ್ದರೆ ಮೊಬೈಲಿನ ಕಾನ್ಫರೆನ್ಸ್ ಕಾಲ್ ಸಾಕು, ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಪಾಠಕ್ಕೆ. ಮೂವರು ಕ್ಯಾಮೆರಾಕ್ಕೆ, ಸ್ವಿಚರಿಗೆ ಒಬ್ಬರು, ಧ್ವನಿಗೆ ಒಬ್ಬರು, ಮುದ್ರಣ ಮತ್ತು ನೇರಪ್ರಸಾರ ನೋಡಿಕೊಳ್ಳಲು ಒಬ್ಬರು, ವೇದಿಕೆಯ ಬಳಿ ಓಡಾಡಲು ಒಬ್ಬರು ಹೀಗೆ ಏಳು ಜನ ಸಾಕು.

ಇಷ್ಟೆಲ್ಲ ಯಾಕೆ, ಮುಂದಿನ ಸಾಲಿನಲ್ಲಿ ಒಂದು ಮೊಬೈಲ್ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ನ್ಯಾಯವಿದೆ. ಕಾಲರ್ ಮೈಕಿನ ಒಳ್ಳೆಯ ಧ್ವನಿ, ಅರ್ಧ ಬೋರ್ಡಿನ ಸ್ಥಿರ ಚೌಕಟ್ಟು ಇದ್ದ ಒಂದೇ ಮೊಬೈಲಿನ ವಿಡಿಯೊ, ಧ್ವನಿ ಕೆಟ್ಟ ಮೂರು ಕ್ಯಾಮೆರಾಗಳ ವಿಡಿಯೊಗಿಂತ ಎಷ್ಟೋ ಪಾಲು ಉಪಯುಕ್ತ. ಒಂದೇ ಬೋರ್ಡಿನಲ್ಲಿ ಮುಗಿಯುವ ಪಾಠಕ್ಕೆ ಅದೇ ಸಾಕು, ಅಲ್ಲಿ ಮೂರು ಕ್ಯಾಮೆರಾ ಸುಮ್ಮನೆ ಖರ್ಚು. ಆದರೆ ಉಪನ್ಯಾಸಕರು ಮೇಜಿನ ಮೇಲೆ ಒಂದು ಪ್ರಯೋಗ ತೋರಿಸಿ, ಬೋರ್ಡಿನಲ್ಲಿ ಸೂತ್ರ ಬರೆದು, ಆಮೇಲೆ ಸಭಿಕರ ಜೊತೆ ಚರ್ಚೆಗೆ ಇಳಿಯುವವರಾದರೆ ಒಂದೇ ಚೌಕಟ್ಟು ಮೂರನ್ನೂ ಹಿಡಿಯಲಾರದು. ಹಿಡಿಯಲು ಹೋದರೆ ಮೇಲೆ ಹೇಳಿದ 1.2 ಮಿಲಿಮೀಟರಿನ ಲೆಕ್ಕಕ್ಕೇ ಬರುತ್ತೇವೆ. ಹಾಗಾದರೆ ಮನುಷ್ಯರನ್ನು ತಾವೇ ಹಿಂಬಾಲಿಸುವ ಕ್ಯಾಮೆರಾಗಳು ಈಗ ಸಿಗುತ್ತವಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಅವು ಹಿಂಬಾಲಿಸುವುದು ದೇಹವನ್ನು. ಉಪನ್ಯಾಸಕರು ನೀರಿನ ಬಾಟಲಿಗೆ ಕೈಚಾಚಿದರೂ ಅವು ಅತ್ತಲೇ ತಿರುಗುತ್ತವೆ, ಆ ಹೊತ್ತಿಗೆ ನೋಡುಗರಿಗೆ ಬೇಕಾದದ್ದು ಬೋರ್ಡಿನ ಕೊನೆಯ ಸಾಲು. ಪ್ರತಿದಿನದ ತರಗತಿಗೆ, ಜನವಿಲ್ಲದ ಕಡೆ ಅವುಗಳಿಂದ ಅನುಕೂಲವಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಪಾಠದ ಎಳೆ ಎಲ್ಲಿ ತಿರುಗುತ್ತದೆಂದು ಗುರುತಿಸುವ ಕೆಲಸ ಮಾತ್ರ ಕೇಳುವವರದು.

ಮೂರು ಕ್ಯಾಮೆರಾಗಳ ದೃಶ್ಯವನ್ನೂ ಬೇರೆ ಬೇರೆ ಮುದ್ರಿಸಿಕೊಂಡು ಆಮೇಲೆ ನಿಧಾನವಾಗಿ ಎಡಿಟ್ ಮಾಡಿದರೆ ತಪ್ಪುಗಳಿರುವುದಿಲ್ಲವಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಸಮಯ ಇರುವ ತಂಡಕ್ಕೆ ಅದು ನಿಜ. ಆದರೆ ಒಂದೂವರೆ ಗಂಟೆಯ ಉಪನ್ಯಾಸದ ಮೂರು ಕ್ಯಾಮೆರಾಗಳ ದೃಶ್ಯವನ್ನು ಎಡಿಟ್ ಮಾಡಬೇಕೆಂದರೆ ಮೊದಲು ನಾಲ್ಕೂವರೆ ಗಂಟೆ ನೋಡಬೇಕು. ನಡುವೆ ಇಂಟರ್ನಲ್ಸ್ ಬರುತ್ತವೆ, ಸೆಮಿಸ್ಟರ್ ಪರೀಕ್ಷೆ ಬರುತ್ತದೆ, ಹಾರ್ಡ್‌ಡಿಸ್ಕು ಕಪಾಟಿನಲ್ಲೇ ಉಳಿಯುತ್ತದೆ. ಸ್ಥಳದಲ್ಲೇ ಕಟ್ ಮಾಡಿದರೆ ಅಂದು ಸಂಜೆಗೇ ತೊಂಬತ್ತು ಪಾಲು ಕೆಲಸ ಮುಗಿದಿರುತ್ತದೆ. ಎರಡನ್ನೂ ಸೇರಿಸುವುದು ಒಳ್ಳೆಯ ದಾರಿ: ಸ್ವಿಚರಿನಿಂದ ಕಟ್ ಆದ ಒಂದು ಪ್ರತಿ, ಜೊತೆಗೆ ಪ್ರತಿ ಕ್ಯಾಮೆರಾದ ಕಾರ್ಡಿನಲ್ಲೂ ಅದರದೇ ಮುದ್ರಣ. ತಪ್ಪಿದ ಮೂರು ನಾಲ್ಕು ಜಾಗಗಳನ್ನು ಮಾತ್ರ ಆಮೇಲೆ ಸರಿಪಡಿಸಿದರಾಯಿತು. ಇನ್ನು ವೃತ್ತಿಪರ ವಿಡಿಯೊದವರನ್ನೇ ಕರೆಸಬಾರದೇಕೆ ಎಂಬ ಮಾತು. ಅವರ ಚಿತ್ರ ನಿಚ್ಚಳವಾಗಿರುತ್ತದೆ, ಅನುಮಾನವಿಲ್ಲ. ಆದರೆ ಮದುವೆ ಮತ್ತು ಸಮಾರಂಭದ ಚಿತ್ರೀಕರಣದಲ್ಲಿ ಪಳಗಿದ ಕಣ್ಣು ಹೂವು, ದೀಪ, ಗಣ್ಯರ ಮುಖಗಳನ್ನು ಹುಡುಕುತ್ತದೆ, ಪಾಠದ ತಿರುವನ್ನು ಹುಡುಕುವುದು ಆ ವಿಷಯವನ್ನು ಓದುತ್ತಿರುವವರ ಕಣ್ಣು. ಈ ಒಂದು ವಿಚಾರದಲ್ಲಿ ವಿದ್ಯಾರ್ಥಿ ತಂಡಕ್ಕೆ ಯಾರಿಗೂ ಇಲ್ಲದ ಅನುಕೂಲ ಇದೆ. ಅದನ್ನು ಬಳಸಿಕೊಳ್ಳದೆ ಟಿವಿಯವರ ಅನುಕರಣೆ ಮಾಡಲು ಹೋದಾಗಲೇ ಅದು ಸೋಲುವುದು.

ಉಪಕರಣಗಳ ಕಡೆಯಿಂದ ಬರುವ ತೊಂದರೆಗಳು ಕೆಲವೇ, ಅವು ಮೊದಲೇ ಗೊತ್ತಿರುವಂಥವು. ಸಾಮಾನ್ಯ ಎಚ್‌ಡಿಎಂಐ ಕೇಬಲ್ಲನ್ನು 10 ಮೀಟರಿಗಿಂತ ಹೆಚ್ಚು ಎಳೆದರೆ ನಂಬುವಂತಿಲ್ಲ. ಹಿಂಬದಿಯ ಕ್ಯಾಮೆರಾಕ್ಕೆ ಎಸ್‌ಡಿಐ ಕೇಬಲ್ ಇದ್ದರೆ ನೂರು ಮೀಟರಿನ ತನಕ ನಿಶ್ಚಿಂತೆ. ಇಲ್ಲದಿದ್ದರೆ ಸ್ವಿಚರಿನ ಮೇಜನ್ನೇ ಹಾಲಿನ ಹಿಂಬದಿಗೆ ಒಯ್ಯಿರಿ. ನಾಲ್ಕು ಎಚ್‌ಡಿಎಂಐ ತೆಗೆದುಕೊಳ್ಳುವ ಎಟೆಮ್ ಮಿನಿಯಂಥ ಸಣ್ಣ ಸ್ವಿಚರ್ ಅಥವಾ ಉಚಿತವಾಗಿ ಸಿಗುವ ಒಬಿಎಸ್ ತಂತ್ರಾಂಶವಿರುವ ಲ್ಯಾಪ್‌ಟಾಪು ಈ ಕೆಲಸಕ್ಕೆ ಸಾಕು. ಫೋಟೊ ತೆಗೆಯಲೆಂದು ಮಾಡಿದ ಹಳೆಯ ಕ್ಯಾಮೆರಾಗಳಲ್ಲಿ ಬಹಳಷ್ಟು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ, ಯುರೋಪಿನಲ್ಲಿ ಹಿಂದೆ ಇದ್ದ ಸುಂಕದ ನಿಯಮದಿಂದ ಬಂದ ಮಿತಿ ಅದು. ಮೂರನ್ನೂ ಒಟ್ಟಿಗೆ ಶುರುಮಾಡಿದರೆ ಮೂರೂ ಒಟ್ಟಿಗೆ ನಿಲ್ಲುತ್ತವೆ, ಆದ್ದರಿಂದ ಐದೈದು ನಿಮಿಷದ ಅಂತರದಲ್ಲಿ ಮುದ್ರಣ ಆರಂಭಿಸಿ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಒಂದು ಕ್ಯಾಮೆರಾ ಗಂಟೆಗೆ 22.5 ಜಿಬಿ ತುಂಬುತ್ತದೆ. ಮೂರು ಕ್ಯಾಮೆರಾ, ಒಂದೂವರೆ ಗಂಟೆ ಎಂದರೆ 100 ಜಿಬಿ ದಾಟಿತು. ಕಾರ್ಡುಗಳನ್ನು ಅದಕ್ಕೆ ತಕ್ಕಂತೆ ಖಾಲಿ ಮಾಡಿ ತನ್ನಿ. ಇನ್ನು ಕರೆಂಟು. ಹೋದ ಕರೆಂಟು ಜನರೇಟರಿಗೆ ಬದಲಾಗುವ ಆ ಕೆಲವೇ ಸೆಕೆಂಡುಗಳಲ್ಲಿ ಸ್ವಿಚರು, ರೌಟರು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ, ಪ್ರಸಾರ ಕಡಿಯುತ್ತದೆ. ಈ ಎರಡಕ್ಕೂ ಲ್ಯಾಪ್‌ಟಾಪಿಗೂ ಒಂದು ಯುಪಿಎಸ್ ಇರಲಿ, ಕ್ಯಾಮೆರಾಗಳು ಬ್ಯಾಟರಿಯ ಮೇಲೆಯೇ ನಡೆಯಲಿ. ನೇರಪ್ರಸಾರಕ್ಕೆ ಹಾಲಿನ ವೈಫೈಯನ್ನು ನೆಚ್ಚಬೇಡಿ, ಖಾಲಿ ಹಾಲಿನಲ್ಲಿ ಓಡಿದ್ದು ಮುನ್ನೂರು ಮೊಬೈಲುಗಳು ಒಳಗೆ ಬಂದಾಗ ಓಡುವುದಿಲ್ಲ. ಲ್ಯಾನ್ ಕೇಬಲ್ ಎಳೆದು, ಪ್ರಸಾರಕ್ಕೆ ಬೇಕಾದ ವೇಗದ ಎರಡರಷ್ಟು ಅಪ್‌ಲೋಡ್ ಇದೆಯೇ ಎಂದು ಕಾಲೇಜು ನಡೆಯುವ ದಿನವೇ, ಅದೇ ಹೊತ್ತಿನಲ್ಲಿ ಪರೀಕ್ಷಿಸಬೇಕು.

ಒಪ್ಪಿಗೆಯ ಮಾತು ಕೊನೆಗೆ ಬಂದರೂ ಮೊದಲು ಮಾಡಬೇಕಾದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಬಂದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಗುರುತಿಸಿತು. ಆ ಕಾಯ್ದೆಯ ಪ್ರಕಾರ ನಟರು, ಗಾಯಕರ ಜೊತೆಗೆ ಉಪನ್ಯಾಸ ಕೊಡುವವರೂ ಪ್ರದರ್ಶಕರೇ. ಅವರ ಒಪ್ಪಿಗೆಯಿಲ್ಲದೆ ಮುದ್ರಿಸಿ ಪ್ರಸಾರ ಮಾಡುವುದು ಹಕ್ಕಿನ ಉಲ್ಲಂಘನೆ. ಕಾಲೇಜು ಕರೆದ ಅತಿಥಿ ಎಂಬ ಕಾರಣಕ್ಕೆ ಈ ಹಕ್ಕು ಕಾಲೇಜಿಗೆ ಬಂದುಬಿಡುವುದಿಲ್ಲ. ಆಮಂತ್ರಣ ಪತ್ರದ ಜೊತೆಗೇ ಒಂದು ಪುಟದ ಒಪ್ಪಿಗೆ ಪತ್ರ ಕಳಿಸಿ, ಎಲ್ಲಿ ಹಾಕುತ್ತೇವೆ, ಎಷ್ಟು ಕಾಲ ಇಡುತ್ತೇವೆ, ಅವರು ಇನ್ನೂ ಪ್ರಕಟಿಸದ ಸಂಶೋಧನೆಯ ಸ್ಲೈಡುಗಳನ್ನು ತೆಗೆಯಬೇಕೇ ಎಂಬುದನ್ನು ಬರಹದಲ್ಲೇ ಕೇಳಿಕೊಳ್ಳುವುದು ಅವರಿಗೆ ತೋರುವ ಗೌರವ. ಪ್ರಶ್ನೆ ಕೇಳುವ ವಿದ್ಯಾರ್ಥಿಗಳಿಗೂ ಕ್ಯಾಮೆರಾ ಇದೆಯೆಂದು ಮೊದಲೇ ತಿಳಿಸಬೇಕು. ಅಳುಕುವವರು ಚೀಟಿಯಲ್ಲಿ ಬರೆದು ಕೊಡಲಿ. ಕ್ಯಾಮೆರಾದಿಂದ ತರಗತಿ ಕೃತಕವಾಗುತ್ತದೆ ಎಂಬ ಅಧ್ಯಾಪಕರ ಆತಂಕಕ್ಕೂ ಉತ್ತರ ಇಲ್ಲೇ ಇದೆ. ಅರ್ಧ ಗಂಟೆ ಮುಂಚೆ ಎಲ್ಲವನ್ನೂ ನಿಲ್ಲಿಸಿ, ಕಣ್ಣಿಗೆ ಹೊಡೆಯುವ ದೀಪ ಹಾಕದೆ, ನಡುವೆ ಯಾರೂ ಓಡಾಡದಿದ್ದರೆ ಹತ್ತು ನಿಮಿಷದಲ್ಲಿ ಎಲ್ಲರೂ ಕ್ಯಾಮೆರಾವನ್ನು ಮರೆಯುತ್ತಾರೆ.

ಕಾರ್ಯಕ್ರಮ ಮುಗಿದ ದಿನವೇ ಕಡತಗಳು ಎರಡು ಡಿಸ್ಕುಗಳಿಗೆ ಹೋಗಬೇಕು, ಹೆಸರಿನಲ್ಲಿ ದಿನಾಂಕ, ವಿಷಯ, ಉಪನ್ಯಾಸಕರು ಮೂರೂ ಇರಬೇಕು. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ವಂದನಾರ್ಪಣೆ ಇವುಗಳನ್ನು ಕಾಲೇಜಿನ ದಾಖಲೆಗೆ ಬೇರೆ ಇಟ್ಟು, ಪಾಠವನ್ನು ಪಾಠವಾಗಿಯೇ ಪ್ರಕಟಿಸಿ. ಯಂತ್ರ ತಾನೇ ಬರೆಯುವ ಕನ್ನಡ ಉಪಶೀರ್ಷಿಕೆಗಳು ವ್ಯಕ್ತಿನಾಮಗಳನ್ನೂ ಪಾರಿಭಾಷಿಕ ಪದಗಳನ್ನೂ ತಪ್ಪಾಗಿ ಕೇಳಿಸಿಕೊಳ್ಳುತ್ತವೆ, ಅವನ್ನು ತಿದ್ದಲು ಸ್ವಿಚರಿನ ಪಕ್ಕದಲ್ಲಿ ಕೂತಿದ್ದ ಆ ವಿಭಾಗದ ವಿದ್ಯಾರ್ಥಿನಿಯೇ ಸೂಕ್ತ. ಮರುದಿನ ತಂಡವೆಲ್ಲ ಕೂತು ವಿಡಿಯೊವನ್ನು ಎರಡು ಸಲ ನೋಡಲಿ. ಮೊದಲ ಸಲ ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷ: ಪಾಠ ತಿಳಿಯುತ್ತದೆಯೇ? ಎರಡನೆಯ ಸಲ ದನಿ ಆರಿಸಿ, ಮೊಬೈಲಿನಲ್ಲಿ: ಬೋರ್ಡು ಓದಲಾಗುತ್ತದೆಯೇ? ಎಲ್ಲಿ ಆಗಲಿಲ್ಲವೋ ಅದನ್ನು ಆ ಹಾಲಿನ ಹೆಸರಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯಾವ ಪ್ಲಗ್ಗು ಜನರೇಟರಿನ ಲೈನಿಗೆ ಸೇರಿದ್ದು, ಯಾವ ಫ್ಯಾನು ಕಿರ್ ಎನ್ನುತ್ತದೆ, ಮಿಕ್ಸರಿನ ಯಾವ ಔಟ್ ಕೆಲಸ ಮಾಡುವುದಿಲ್ಲ, ಬೆಳಗ್ಗೆ ಹನ್ನೊಂದಕ್ಕೆ ಯಾವ ಕಿಟಕಿಯ ಬಿಸಿಲು ಬೋರ್ಡಿನ ಮೇಲೆ ಬೀಳುತ್ತದೆ ಎಂಬುದೆಲ್ಲ ಅದರಲ್ಲಿರಲಿ. ಅಂತಿಮ ವರ್ಷದವರು ಕಾಲೇಜು ಬಿಟ್ಟು ಹೋಗುವಾಗ ಆ ನೋಟ್‌ಬುಕ್ಕನ್ನು ಕ್ಯಾಮೆರಾದ ಚೀಲದೊಳಗೇ ಇಟ್ಟು ಹೋಗಬೇಕು.